ದಾವಣಗೆರೆಯ ಮಬ್ಬು ಗಡಿಯಾಚೆಯದೇ?
ನವೆಂಬರಿನ ಮಬ್ಬು ಪಾಕಿಸ್ತಾನದ ಕೂಳೆ ಹೊಗೆಯೇ ಎಂದು ಕೇಳಿದ್ದೀರಿ. ಗಾಳಿ ಯಾವ ದಾರಿಯಲ್ಲಿ ಬಂತೆಂದು ಲೆಕ್ಕ ಹಾಕಿ ನಕ್ಷೆಯಲ್ಲಿ ಗೆರೆ ಎಳೆಯುವ, ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಹೈಸ್ಪ್ಲಿಟ್ ತಾಣದಲ್ಲಿ ಉಚಿತವಾಗಿ ನೋಡಬಹುದು. 'ಬ್ಯಾಕ್‌ವರ್ಡ್' (ಗಾಳಿ ಬಂದ ದಾರಿಯನ್ನು ಹಿಂದಕ್ಕೆ ಹುಡುಕುವುದು) ಆರಿಸಿ, ದಾವಣಗೆರೆಯ ಅಕ್ಷಾಂಶ-ರೇಖಾಂಶ 14.46 ಉತ್ತರ, 75.92 ಪೂರ್ವ ಕೊಡಿ. ನೆಲದಿಂದ 100, 500, 1000 ಮೀಟರ್ ಎತ್ತರ, ಹಿಂದಿನ 120 ಗಂಟೆ ಕೊಡಿ. ಹೆಚ್ಚಿನವರು ಎಡವೋದು ಸಮಯದಲ್ಲಿ: ಅಲ್ಲಿರೋದು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ), ನಮ್ಮ ಬೆಳಗಿನ 8.30 ಅಂದರೆ ಅಲ್ಲಿ 03 ಗಂಟೆ.

ಒಂದೇ ಗೆರೆ ನಂಬಬೇಡಿ. ಗಾಳಿ ಸಾಗಿದ ದೂರದ ಶೇ. 20ರಷ್ಟು ಆಚೀಚೆ ಆಗೋದು ಮಾಮೂಲು. ಲಾಹೋರ್‌ವರೆಗಿನ ಸುಮಾರು 1900 ಕಿ.ಮೀ.ಗೆ ಹತ್ತಿರಹತ್ತಿರ 400 ಕಿ.ಮೀ. ತಪ್ಪು. ಲಾಹೋರ್-ಅಮೃತಸರದ ನಡುವೆ ಇರೋದೇ 50! ಗಡಿಯ ಯಾವ ಬದಿಯದು ಅಂತ ಗೆರೆ ಹೇಳಲಾರದು. ಆರಾರು ಗಂಟೆಗೊಮ್ಮೆ ಓಡಿಸಿ, ಅದೇ ದಿನಗಳ ನಾಸಾ ಫರ್ಮ್ಸ್ ನಕ್ಷೆಯಲ್ಲಿ ಉಪಗ್ರಹ ಗುರುತಿಸಿದ ಬೆಂಕಿಚುಕ್ಕೆಗಳ ಜೊತೆ ಹೋಲಿಸಿ. ಗೆರೆಗಳು ಬಂಗಾಳ ಕೊಲ್ಲಿ ಕಡೆಯಿಂದ ಬಂದಿದ್ದರೆ (ಹಿಂಗಾರಿನ ಗಾಳಿ ಅಲ್ಲವೇ) ಪಾಕಿಸ್ತಾನ ಬಿಡಿ, ಊರಿನ ಕಸದ ಬೆಂಕಿ, ರಸ್ತೆ ದೂಳು ನೋಡಿ.