ಒಂದೇ ಕಾರು ಬೇರೆ ದೇಶದಲ್ಲಿ ಕಮ್ಮಿ ರೇಟಿಗೆ, ಜಾಸ್ತಿ ಫೀಚರ್ ಜೊತೆ ಸಿಗೋದು ಯಾಕೆ? ಅಲ್ಲಿನ ಓನರ್‌ಗಳು ನಮಗಿಂತ ಖುಷಿಯಾಗಿದ್ದಾರಾ?

ಕಮ್ಮಿ ರೇಟು ಅನ್ನೋದು ಅರ್ಧ ಸುಳ್ಳು, ಅದನ್ನ ಮೊದಲು ತಲೆಯಿಂದ ತೆಗೀರಿ. ಫೀಚರ್ ಜಾಸ್ತಿ ಅನ್ನೋದು ನಿಜ. ಖುಷಿ ವಿಷಯಕ್ಕೆ ಆಮೇಲೆ ಬರ್ತೀನಿ, ಮಜಾ ಇರೋದೇ ಅಲ್ಲಿ.

ನಾನು ಸೋಮವಾರಪೇಟೆ ಕಡೆಯವನು, ಸ್ವಲ್ಪ ಕಾಫಿ, ಮೆಣಸು ಇದೆ, ಕಾರು ಕಂಪನಿಗೂ ನನಗೂ ಏನೂ ಸಂಬಂಧ ಇಲ್ಲ. ಆದ್ರೆ ಮಾರುತಿ ಸುಜುಕಿಯ ಜಿಮ್ನಿ (ಚಿಕ್ಕ ಜೀಪಿನಂಥ ಗಾಡಿ) ತಗೊಳೋ ಮುಂಚೆ ಆರು ತಿಂಗಳು ರಾತ್ರಿ ಹೊತ್ತು ಕೂತ್ಕೊಂಡು ಯಾವ ದೇಶದಲ್ಲಿ ಎಷ್ಟು, ಏನೇನು ಕೊಡ್ತಾರೆ ಅಂತ ಹುಡುಕಿದ್ದೇ ಹುಡುಕಿದ್ದು, ನಮ್ಮನೆಯವಳು "ರೀ, ನೀವು ಗಾಡಿ ತಗೊಳ್ತೀರೋ ಪಿಎಚ್‌ಡಿ ಮಾಡ್ತೀರೋ" ಅಂತ ಕೇಳಿದ್ಲು. ತಗೊಂಡ ಮೇಲೂ ಆ ಚಟ ಹೋಗಿಲ್ಲ. ಹಂಗಾಗಿ ಅದೇ ಗಾಡಿ ಮುಂದಿಟ್ಕೊಂಡು ಹೇಳ್ತೀನಿ, ಬೇರೆ ಉದಾಹರಣೆಗಿಂತ ಅದೇ ಚೆನ್ನಾಗಿ ಕೂರುತ್ತೆ.

ಐದು ಬಾಗಿಲಿನ ಜಿಮ್ನಿ ತಯಾರಾಗೋದು ನಮ್ಮ ಗುರುಗ್ರಾಮದಲ್ಲಿ. 2023ರ ಜೂನಲ್ಲಿ ಇಲ್ಲಿ ಬಂದಾಗ ಶುರುವಿನ ಮಾಡೆಲ್‌ಗೆ ಎಕ್ಸ್ ಶೋರೂಮ್ 12.74 ಲಕ್ಷ. ಜನ ನೋಡಿದ್ರು, ಟೆಸ್ಟ್ ಡ್ರೈವ್ ಮಾಡಿದ್ರು, ಫೋಟೋ ಹೊಡ್ಕೊಂಡ್ರು, ಆಮೇಲೆ ಹೋಗಿ ಬೇರೆ ಏನೋ ತಗೊಂಡ್ರು. ಅದೇ ವರ್ಷ ಡಿಸೆಂಬರಲ್ಲಿ ಥಂಡರ್ ಎಡಿಷನ್ ಅಂತ ಮಾಡಿ 10.74ಕ್ಕೆ ಇಳಿಸಿದ್ರು. ಈಗ ಜಪಾನ್ ಕಥೆ ಕೇಳಿ. ಇದೇ ಗಾಡಿನ ಹಡಗಲ್ಲಿ ತಗೊಂಡೋಗಿ ಜಿಮ್ನಿ ನೊಮಾಡ್ ಅಂತ ಹೆಸರಿಟ್ಟು 2025ರ ಜನವರಿ 30ಕ್ಕೆ ಅನೌನ್ಸ್ ಮಾಡಿದ್ರು, ತಿಂಗಳಿಗೆ 1,200 ಮಾರೋಣ ಅಂತ ಅವರ ಲೆಕ್ಕ, ನಾಲ್ಕು ದಿನದಲ್ಲಿ ಸುಮಾರು 50,000 ಆರ್ಡರ್ ಬಂದು ಫೆಬ್ರವರಿ 3ಕ್ಕೆ ಬುಕಿಂಗೇ ನಿಲ್ಲಿಸಿಬಿಟ್ರು. ಒಂದೇ ಫ್ಯಾಕ್ಟರಿ, ಒಂದೇ ಚಾಸಿ, ಒಂದೇ ಇಂಜಿನ್ನು ಮಾರಾಯ್ರೆ.

ಸರಿ, ಅಲ್ಲಿ ಅಗ್ಗ ಇರಬೇಕು ಅದಕ್ಕೆ ಮುಗಿಬಿದ್ದಿದ್ದಾರೆ ಅಂತೀರಾ? ಆಗ ಅಲ್ಲಿ ಮ್ಯಾನ್ಯುಯಲ್ ಗೇರಿಂದಕ್ಕೆ 26,51,000 ಯೆನ್ ಇತ್ತು, ಆಗಿನ ರೇಟಲ್ಲಿ ಹತ್ತತ್ರ 15 ಲಕ್ಷ ರೂಪಾಯಿ. ನಮ್ಮ 12.74ಕ್ಕಿಂತ ಜಾಸ್ತಿ ಕಾಣುತ್ತಲ್ವಾ? ತಡೀರಿ, ನಮ್ಮದಕ್ಕೆ ರೋಡ್ ಟ್ಯಾಕ್ಸ್ ಸೇರಿಸಿಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ 17 ಪರ್ಸೆಂಟು, ಅದೂ ಜಿಎಸ್‌ಟಿ ಸೇರಿಸಿದ ರೇಟಿನ ಮೇಲೆ, ಅಂದ್ರೆ ತೆರಿಗೆ ಮೇಲೆ ತೆರಿಗೆ. ಅದೇ 2.17 ಲಕ್ಷ ಆಗುತ್ತೆ, ಅದರ ಮೇಲೆ ಸೆಸ್ಸು ಬೇರೆ. ಕೂಡಿಸಿದ್ರೆ ಇನ್ಶೂರೆನ್ಸ್‌ಗೆ ಮುಂಚೇನೇ ನಾವೂ 15 ಲಕ್ಷದ ಹತ್ರ ಬಂದ್ವಿ. ಅಲ್ಲಿಗೆ ಗಿರಾಕಿ ಜೇಬಿಂದ ಹೋಗೋದು ಎರಡೂ ಕಡೆ ಹತ್ತತ್ರ ಒಂದೇ.

ಆದ್ರೆ ಆ ದುಡ್ಡು ಹೋಗೋದೆಲ್ಲಿಗೆ ಅನ್ನೋದೇ ಬೇರೆ. ಜಿಮ್ನಿ ಉದ್ದ 3985 ಮಿಲಿಮೀಟರ್, ನಾಲ್ಕು ಮೀಟರ್ ಒಳಗೇ ಇದೆ, ಆದ್ರೂ ಸಣ್ಣ ಕಾರಿನ ಟ್ಯಾಕ್ಸ್ ಸಿಗಲ್ಲ, ಯಾಕಂದ್ರೆ ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗಿರಬೇಕು, ಇದರದ್ದು 1462. ಹಂಗಾಗಿ ನಾನು ತಗೊಂಡಾಗ 28 ಜಿಎಸ್‌ಟಿ ಪ್ಲಸ್ 17 ಸೆಸ್, ಒಟ್ಟು 45 ಪರ್ಸೆಂಟ್. (2025ರ ಸೆಪ್ಟೆಂಬರ್ 22ರಿಂದ ಇದು 40 ಆಯ್ತು, ಸಣ್ಣ ಕಾರಿಗೆ 18 ಆಯ್ತು, ನನ್ನ ಹಣೆಬರಹಕ್ಕೆ ನಾನು ಮೊದಲೇ ತಗೊಂಡಾಗಿತ್ತು.) 12.74ನ್ನ 1.45ರಿಂದ ಭಾಗಿಸಿ ನೋಡಿ, 8.79 ಲಕ್ಷ. ಕಂಪನಿ, ಡೀಲರ್ ಇಬ್ಬರಿಗೂ ಸೇರಿ ಸಿಗೋದು ಅಷ್ಟೇ, ಮಿಕ್ಕ ಆರು ಲಕ್ಷ ದಿಲ್ಲಿಗೂ ಬೆಂಗಳೂರಿಗೂ. ಜಪಾನಲ್ಲಿ ಕನ್ಸಂಪ್ಷನ್ ಟ್ಯಾಕ್ಸ್ 10 ಪರ್ಸೆಂಟ್, ಅದು ಆ ರೇಟಲ್ಲೇ ಸೇರಿದೆ, ಅದನ್ನ ತೆಗೆದ್ರೆ ಸುಮಾರು ಹದಿಮೂರೂವರೆ ಲಕ್ಷ ಗಾಡಿಗೇ ಉಳಿಯುತ್ತೆ. ಹಡಗಿನ ಖರ್ಚು ಕಳೆದ್ರೂ ಕೈಲಿ ಬೇಕಾದಷ್ಟು ಇರುತ್ತೆ, ಹಂಗಾಗಿ ಎದುರಿಗೆ ಏನಾದ್ರೂ ಬಂದ್ರೆ ತಾನೇ ಬ್ರೇಕ್ ಹಾಕೋ ಸಿಸ್ಟಮ್ಮು, ಬಿಸಿ ಆಗೋ ಸೀಟು ಎಲ್ಲ ಹಾಕಿಕೊಡ್ತಾರೆ. ನಮ್ಮನ್ನ ಕಂಪನಿ ಮೋಸ ಮಾಡ್ತಿದೆ ಅಂತ ಬೈಯೋರು ಒಂದ್ಸಲ ಈ ಭಾಗಾಕಾರ ಮಾಡಿ ಆಮೇಲೆ ಬೈಯಲಿ.

ತೆರಿಗೆಯಲ್ಲಿ ನಮಗಿಂತ ಪಾಪದವರೂ ಇದ್ದಾರೆ. ನೇಪಾಳದಲ್ಲಿ ನಮ್ಮ ಇಲ್ಲಿನ ಸಣ್ಣ ಪೆಟ್ರೋಲ್ ಕಾರಿಗೇ ದುಪ್ಪಟ್ಟಿಗಿಂತ ಜಾಸ್ತಿ ಕೊಡಬೇಕು, ಎಲೆಕ್ಟ್ರಿಕ್‌ಗೆ ಸುಂಕ ಕಮ್ಮಿ, ಅದಕ್ಕೇ ಅಲ್ಲಿ ಈಗ ಹೊಸ ಕಾರು ಅಂದ್ರೆ ಹೆಚ್ಚಾಗಿ ಎಲೆಕ್ಟ್ರಿಕ್ಕೇ. ಸಿಂಗಾಪುರದಲ್ಲಂತೂ ಕಾರಿಗಿಂತ ಮುಂಚೆ ಕಾರು ಇಟ್ಕೊಳೋ ಹಕ್ಕನ್ನ ಹರಾಜಲ್ಲಿ ಕೊಳ್ಳಬೇಕು, ಹತ್ತು ವರ್ಷಕ್ಕೆ, 2023ರ ಅಕ್ಟೋಬರಲ್ಲಿ ದೊಡ್ಡ ಕಾರಿನ ಆ ಚೀಟಿಯೊಂದಕ್ಕೇ ಒಂದೂವರೆ ಲಕ್ಷ ಸಿಂಗಾಪುರ ಡಾಲರ್ ಮುಟ್ಟಿತ್ತು. ಆ ದುಡ್ಡಿಗೆ ಇಲ್ಲಿ ಒಂದಷ್ಟು ತೋಟ ಬರುತ್ತೆ ಸ್ವಾಮಿ. ಅಮೆರಿಕದವರ ಕಥೆ ಇನ್ನೊಂದು ಥರ, ದುಡ್ಡಿದ್ರೂ ಹೊಸ ಜಿಮ್ನಿ ಸಿಗಲ್ಲ, ಸುಜುಕಿ ಅಲ್ಲಿ ಕಾರು ಮಾರೋದನ್ನೇ 2012ರಲ್ಲಿ ಬಿಟ್ಟಿದೆ, ಹೊರಗಿಂದ ತರಿಸೋಣ ಅಂದ್ರೆ ಅಲ್ಲಿನ ನಿಯಮಕ್ಕೆ ಹೊಂದದ ಗಾಡಿ 25 ವರ್ಷ ಹಳೇದಾಗಿರಬೇಕು. ಯುರೋಪಲ್ಲಿ ಹೊಗೆ ಲೆಕ್ಕ ಬಿಗಿ ಆಯ್ತು ಅಂತ ಪ್ಯಾಸೆಂಜರ್ ಜಿಮ್ನಿ ನಿಲ್ಲಿಸಿ, ಹಿಂದಿನ ಸೀಟು ಕಿತ್ತು ಎರಡೇ ಸೀಟಿನ ಗೂಡ್ಸ್ ಗಾಡಿ ಅಂತ ಮಾರಿದ್ರು.

ಇನ್ನು ಫೀಚರ್. ಟ್ಯಾಕ್ಸ್ ಒಂದೇ ಕಾರಣ ಅಲ್ಲ, ಆಯಾ ದೇಶದ ಕಾನೂನು ಏನು ಕೇಳುತ್ತೆ, ಜನ ಯಾವುದಕ್ಕೆ ದುಡ್ಡು ಬಿಚ್ತಾರೆ, ಇವೆರಡೂ ಇದೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ, ಕಾರು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡೋ ಸಂಸ್ಥೆಯವರು ನಮ್ಮ ಐದು ಕಾರು ತಗೊಂಡೋಗಿ ಗುದ್ದಿಸಿದಾಗ ಐದಕ್ಕೂ ಸೊನ್ನೆ ಸ್ಟಾರ್ ಬಂತು, ಅದರಲ್ಲಿ ಫೋಕ್ಸ್‌ವ್ಯಾಗನ್ ಪೋಲೋನೂ ಇತ್ತು, ಏರ್‌ಬ್ಯಾಗ್ ಇಲ್ಲದ್ದು. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದ್ರೆ ನಾಲ್ಕು ಸ್ಟಾರ್. ಆಗ ನಮ್ಮಲ್ಲಿ ಏರ್‌ಬ್ಯಾಗ್ ಕಡ್ಡಾಯ ಇರಲಿಲ್ಲ, ಡ್ರೈವರ್‌ಗೆ ಒಂದು ಅಂತ ಕಡ್ಡಾಯ ಆಗಿದ್ದೇ 2019ರಲ್ಲಿ. ಅದಕ್ಕೆ ಮುಂಚೆ ಅದೇ ದುಡ್ಡಿಗೆ ಜನ ಅಲಾಯ್ ವೀಲ್ ಹಾಕಿಸ್ತಿದ್ರು, ಸುಳ್ಳು ಯಾಕೆ ಹೇಳಲಿ, ನಾನೂ ಹಾಕಿಸಿದ್ದೆ.

ಮಾರುತಿಯ ಇನ್ನೊಂದು ಕಾರು ಫ್ರಾಂಕ್ಸ್ ನೋಡಿ, ಗುಜರಾತಲ್ಲಿ ಮಾಡಿ ಜಪಾನಿಗೆ ಕಳಿಸ್ತಾರೆ, ಅಲ್ಲಿ ಒಂದೂವರೆ ಲೀಟರ್ ಇಂಜಿನ್ನು, ಬೇಕು ಅಂದ್ರೆ ಫೋರ್ ವೀಲ್ ಡ್ರೈವೂ ಇದೆ. ಇಲ್ಲಿ ಎಷ್ಟು ಕೊಡ್ತೀನಿ ಅಂದ್ರೂ ಅದಿಲ್ಲ. ಸುಂಟಿಕೊಪ್ಪ ಸರ್ಕಲ್ಲಲ್ಲಿ ನಿಂತು ಯಾರಿಗೆ ಬೇಕು ಅಂತ ಕೇಳಿದ್ರೆ ಹತ್ತು ಜನ ಕೈ ಎತ್ತುತ್ತಾರೆ, ಆದ್ರೆ ಕಂಪನಿಯವರು ಕೇಳೋದು ಸುಂಟಿಕೊಪ್ಪದಲ್ಲಲ್ಲ. ದೇಶದ ಮಿಕ್ಕ ಕಡೆ ಕೇಳಿದ್ರೆ ಸನ್‌ರೂಫ್ ಅಂತಾರೆ. ನಮ್ಮ ಪಕ್ಕದ ತೋಟದವರ ಹತ್ರ ಸನ್‌ರೂಫ್ ಗಾಡಿ ಇದೆ, ವರ್ಷದಲ್ಲಿ ಐದು ತಿಂಗಳು ಮಳೆ ಹೊಯ್ಯೋ ಊರಲ್ಲಿ, ಅದನ್ನ ತೆಗೆದಿದ್ದು ನಾನು ನೋಡಿದ್ದು ಎರಡೇ ಸಲ, ಎರಡೂ ಸಲ ಮೊಮ್ಮಗ ಬಂದಿದ್ದ.

ಈಗ ಖುಷಿ. ಹೋದ ಜುಲೈಲಿ ನಮ್ಮ ಭಾವ ಹೊಸ ಎಸ್‌ಯುವಿ ತಗೊಂಡು ಬಂದ್ರು, ಕಂಪನಿ ಹೆಸರು ಬೇಡ, ಇಪ್ಪತ್ತು ಲಕ್ಷದ ಮೇಲಿನದ್ದು, ಎಡಿಎಎಸ್ (ರೋಡಿನ ಗೆರೆ, ಎದುರಿನ ಗಾಡಿ ನೋಡಿ ತಾನೇ ಸ್ಟೇರಿಂಗ್, ಬ್ರೇಕ್ ಹಿಡಿಯೋ ಸಿಸ್ಟಮ್ಮು) ಎಲ್ಲ ಇದೆ, ಫಾರಿನಲ್ಲಿ ಕೊಡೋದೆಲ್ಲ ಇದರಲ್ಲಿದೆ ಅಂತ ಒಂದೇ ಹೊಗಳಿಕೆ. ಇಬ್ಬರೂ ಸುಳ್ಯಕ್ಕೆ ಹೊರಟ್ವಿ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳೀತಾ ಇದ್ದಂಗೆ ಮಂಜು ಮುಸುಕ್ತು, ರೋಡಿನ ಬಿಳಿ ಗೆರೆ ಅರ್ಧ ಅಳಿಸಿದೆ, ಅರ್ಧದ ಮೇಲೆ ಕೆಸರು ಹರಿದಿದೆ. ಗಾಡಿ ಎಲ್ಲೋ ಒಂದು ಗೆರೆ ಸಿಕ್ತು ಅಂತ ಸ್ಟೇರಿಂಗ್ ತಾನೇ ಎಳೆಯೋದು, ಭಾವ ಈ ಕಡೆ ಎಳೆಯೋದು, ತಿರುವಲ್ಲಿ ಎದುರಿಂದ ಬಸ್ಸು ಬಂದ್ರೆ ಟೀಂ ಟೀಂ ಟೀಂ ಅಂತ ಕೆಂಪು ಲೈಟು. ಮೂರನೇ ಬಸ್ಸಿಗೆ ಭಾವ "ಇದರಮ್ಮನ್" ಅಂತ ಗಾಡಿನ ಸೈಡಿಗೆ ಹಾಕಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು, ಸ್ಕ್ರೀನಲ್ಲಿ ಒಂದೊಂದೇ ಮೆನು ಹುಡುಕಿ ಎಲ್ಲಾ ಆಫ್ ಮಾಡಿದ್ರು. ಹತ್ತು ನಿಮಿಷ ಹಿಡೀತು. ಆಮೇಲೆ ಸುಳ್ಯದ ತನಕ ಬಾಯೇ ಬಿಡಲಿಲ್ಲ.

ಆ ಫೀಚರ್ ಕೆಟ್ಟದ್ದು ಅಂತಲ್ಲ, ಗೆರೆ ಸರಿಯಾಗಿರೋ ಹೈವೇಲಿ ಜೀವ ಉಳಿಸುತ್ತೆ. ಆದ್ರೆ ಗೆರೆ ಸರಿಯಾಗಿರೋ ಊರಿನವರೂ ಗೊಣಗ್ತಾರೆ. ಯುರೋಪಲ್ಲಿ 2024ರ ಜುಲೈಯಿಂದ ಪ್ರತಿ ಹೊಸ ಕಾರಲ್ಲೂ ಸ್ಪೀಡ್ ಲಿಮಿಟ್ ದಾಟಿದ್ರೆ ಎಚ್ಚರಿಸೋ ಸಿಸ್ಟಮ್ ಕಡ್ಡಾಯ, ಆಫ್ ಮಾಡಬಹುದು, ಆದ್ರೆ ಮತ್ತೆ ಗಾಡಿ ಸ್ಟಾರ್ಟ್ ಮಾಡಿದಾಗ ಅದೂ ಆನ್ ಆಗಿರುತ್ತೆ, ದಿನಾ ಬೆಳಿಗ್ಗೆ ಮೊದಲ ಕೆಲಸ ಅದನ್ನ ಆಫ್ ಮಾಡೋದೇ ಅನ್ನೋರು ಎಷ್ಟೋ ಜನ. ಅಮೆರಿಕದಲ್ಲಿ ಜೆ.ಡಿ. ಪವರ್ ಅನ್ನೋ ಸಂಸ್ಥೆ ಹೊಸ ಕಾರು ತಗೊಂಡವರನ್ನ ಮೊದಲ 90 ದಿನದಲ್ಲಿ ಏನೇನು ತೊಂದರೆ ಆಯ್ತು ಅಂತ ಕೇಳುತ್ತೆ, 2025ರಲ್ಲಿ ಸರಾಸರಿ ನೂರು ಕಾರಿಗೆ 192 ದೂರು. ಅದರಲ್ಲಿ ಜಾಸ್ತಿ ತಲೆನೋವು ಇಂಜಿನ್ನಿಂದಲ್ಲ, ಗೇರಿಂದಲ್ಲ, ಟಚ್ ಸ್ಕ್ರೀನು, ಫೋನ್ ಕನೆಕ್ಟ್ ಆಗದೇ ಇರೋದು, ಇಂಥದ್ದರಿಂದ. ನಾವು ಇಲ್ಲಿ ಯಾವುದಿಲ್ಲ ಅಂತ ಅಳ್ತೀವೋ ಅಲ್ಲಿ ಅದು ಇರೋದಕ್ಕೇ ದೂರು ಬರ್ತಿದೆ.

ಜಪಾನಿನವರಿಗೆ ಆ ಗಾಡಿ ಮೇಲೆ ಅಷ್ಟು ಪ್ರೀತಿ ಯಾಕಪ್ಪಾ ಅಂದ್ರೆ, ನನ್ನ ಅಂದಾಜು, ಅವರು ಅದನ್ನ ಐವತ್ತು ವರ್ಷದಿಂದ ನೋಡಿಕೊಂಡೇ ಬಂದಿದ್ದಾರೆ. 660 ಸಿಸಿದು ಪುಟಾಣಿ ಜಿಮ್ನಿ, ಒಂದೂವರೆ ಮೀಟರೂ ಅಗಲ ಇಲ್ಲದ್ದು, ಹಿಮ ಬೀಳೋ ಬೆಟ್ಟದೂರಲ್ಲಿ ಓಡಾಡುತ್ತೆ. ಆ ಕಾರು ಏನು ಮಾಡುತ್ತೆ, ಏನು ಮಾಡಲ್ಲ ಅಂತ ಗೊತ್ತಿದ್ದು ಬುಕ್ ಮಾಡ್ತಾರೆ, ಹಿಂದೆ ಎರಡು ಬಾಗಿಲು ಬಂತಲ್ಲ ಅನ್ನೋದೇ ಅವರಿಗೆ ಹಬ್ಬ. ನಮ್ಮಲ್ಲಿ ಅದೇ ದುಡ್ಡಿಗೆ ಅಗಲ ಸೀಟಿನ, ದೊಡ್ಡ ಡಿಕ್ಕಿಯ ಫ್ಯಾಮಿಲಿ ಎಸ್‌ಯುವಿ ಬರುತ್ತೆ ಅಂತ ಪಕ್ಕದಲ್ಲಿಟ್ಟು ನೋಡ್ತಾರೆ, ನೋಡಿದ್ರೆ ಇದು ಸೋಲುತ್ತೆ. ನಮ್ಮನೆಯಲ್ಲೂ ಅದೇ, ಡಿಕ್ಕಿ 208 ಲೀಟರ್ ಅಂದಾಗ ಅವಳು "ಮದುವೆಗೆ ಹೋಗೋವಾಗ ಸೂಟ್‌ಕೇಸ್ ತಲೆ ಮೇಲೆ ಇಟ್ಕೊಳೋದಾ" ಅಂದ್ಲು, ಈಗಲೂ ಮೈಸೂರಿಗೆ ಅಂದ್ರೆ ಅವಳ ಅಣ್ಣನ ಕಾರೇ.

ನನಗೆ ಮಾತ್ರ ಪುನರ್ವಸು ಮಳೆಲಿ ತೋಟದ ಏರು ಇದೆ, ಕೆಮ್ಮಣ್ಣು, ಮಧ್ಯೆ ಮಧ್ಯೆ ಪಾಚಿ ಹಿಡಿದ ಬಂಡೆ, ಹಳೇ ಹ್ಯಾಚ್‌ಬ್ಯಾಕಲ್ಲಿ ಹೋಗ್ತಿದ್ದಾಗ ಅಡಿ ಕರ್ರ್ ಅಂತ ತಾಗೋ ಶಬ್ದಕ್ಕೆ ನನ್ನ ಹಲ್ಲು ಜುಮ್ ಅನ್ನೋದು. ಈಗ ಕೆಳಗಿನ ಗೇಟ್ ಹತ್ರ ಒಂದು ಕ್ಷಣ ನಿಲ್ಲಿಸಿ, ಸಣ್ಣ ಲಿವರ್‌ನ ಒತ್ತಿ 4ಎಲ್‌ಗೆ, ಅಂದ್ರೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯೋ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಬಿಟ್ರೆ ಎಮ್ಮೆ ನಡೆದಂಗೆ ಹತ್ತುತ್ತೆ. ಪಕ್ಕದ ತೋಟದವರ ಸನ್‌ರೂಫ್ ಗಾಡಿನ ಹಗ್ಗ ಹಾಕಿ ಮೇಲಕ್ಕೆ ಎಳೆದಿದ್ದೂ ಇದರಲ್ಲೇ. ಅವರೇನು ಬೇಜಾರಾಗಲಿಲ್ಲ ಬಿಡಿ, ಅವರ ಗಾಡಿ ಅವರಿಗೆ ಇಷ್ಟ.

ನಿಮಗೆ ಯಾವ ಮಾಡೆಲ್ ತಲೆಲಿದೆಯೋ ಅದರ ಎಕ್ಸ್ ಶೋರೂಮ್ ರೇಟನ್ನ ಸಣ್ಣ ಕಾರಾದ್ರೆ 1.18ರಿಂದ, ದೊಡ್ಡದಾದ್ರೆ 1.40ರಿಂದ ಭಾಗಿಸಿ, ಆ ದೇಶದ ರೇಟಿಂದಲೂ ಅಲ್ಲಿನ ಟ್ಯಾಕ್ಸ್ ತೆಗೆದು ಪಕ್ಕ ಪಕ್ಕ ಇಡಿ. ಅಮೆರಿಕದ ರೇಟಾದ್ರೆ ಹುಷಾರು, ಅಲ್ಲಿ ಜಾಹೀರಾತಲ್ಲಿ ಹಾಕೋ ರೇಟಲ್ಲಿ ಸೇಲ್ಸ್ ಟ್ಯಾಕ್ಸ್ ಸೇರಿರಲ್ಲ. ಮಾಡೆಲ್ ಹೆಸರು ಹೇಳಿದ್ರೆ ನಾನೇ ಲೆಕ್ಕ ಹಾಕಿಕೊಡ್ತೀನಿ, ಆದ್ರೆ ನಾಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ, ಮೊಬೈಲು 9 ಪರ್ಸೆಂಟ್ ಇದೆ.