ಗೋಪುರಗಳ ಊರಿಗೆ ಎರಡು ಗಂಟೆ ಸಾಕಾ?

ಪ್ರಶ್ನೆ: ಮೇ ತಿಂಗಳಲ್ಲಿ ನಾನು, ಹೆಂಡತಿ ಮತ್ತು 68 ವರ್ಷದ ಅಮ್ಮ ಇಟಲಿಗೆ ಹೊರಟಿದ್ದೇವೆ. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ಹೋಗುವಾಗ ‘ಸಾನ್ ಗಿಮಿಗ್ನಾನೊ’ ಎಂಬ ಊರಲ್ಲಿ ಎರಡು ಗಂಟೆ ಬಿಡುತ್ತಾರಂತೆ. ಅಷ್ಟು ಸಾಕಾ ಸರ್? ಅಮ್ಮನಿಗೆ ಮಂಡಿನೋವು ಬೇರೆ. – ಓದುಗರು, ಹುಬ್ಬಳ್ಳಿ

ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಅದು ಸಾನ್ ಜಿಮಿನ್ಯಾನೊ. ನಾನೂ ಮೊದಲ ಸಲ ಬಸ್ಸಿನಲ್ಲಿ ಗಿಮಿಗ್ನಾನೊ ಅಂದೇ ಟಿಕೆಟ್ ಕೇಳಿದ್ದೆ. ಡ್ರೈವರ್‌ಗೆ ಅರ್ಥವಾಯಿತು, ನಗುವೂ ಬಂತು.

ಎರಡು ಗಂಟೆ ಸಾಲದು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅದು ಯಾವ ಎರಡು ಗಂಟೆ ಅನ್ನುವುದು. ಟೂರ್ ಬಸ್ಸುಗಳೆಲ್ಲ ಹೆಚ್ಚುಕಡಿಮೆ ಹನ್ನೊಂದರಿಂದ ನಾಲ್ಕರ ಒಳಗೇ ಬರುತ್ತವೆ, ಎಲ್ಲರೂ ಸಾನ್ ಜೊವಾನ್ನಿ ಬಾಗಿಲಿನಿಂದ ಒಳಗೆ ಬಂದು ಒಂದೇ ಬೀದಿ ಹಿಡಿದು ಮೇಲಿನ ಚೌಕಕ್ಕೆ ಹತ್ತುತ್ತಾರೆ, ಇಕ್ಕೆಲದಲ್ಲೂ ಚರ್ಮದ ಬ್ಯಾಗಿನ ಅಂಗಡಿ, ನಡುವೆ ಜಾತ್ರೆ. ಮುಂದಿನವರ ಬೆನ್ನು ನೋಡಿಕೊಂಡು ಹೋಗಿ ಬರೋದಷ್ಟೇ. ಸಾಧ್ಯವಾದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಸಂಜೆ ಆರಾಗುವ ಹೊತ್ತಿಗೆ ಊರು ಊರಿನವರಿಗೆ ವಾಪಸ್ ಸಿಕ್ಕಿರುತ್ತದೆ. ಚಿಸ್ತೆರ್ನಾ ಚೌಕದ ನಡುವೆ ಎಂಟು ಮೂಲೆಯ ಬಾವಿಕಟ್ಟೆ ಇದೆ, 1273ರದ್ದು. ಹತ್ತಿರ ಹೋಗಿ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಕಚ್ಚು ಬಿದ್ದಿದೆ. ನಮ್ಮಜ್ಜಿ ಮನೆ ಬಾವಿಯಲ್ಲೂ ಹೀಗೇ ಇತ್ತು. ಹಗಲಲ್ಲಿ ಇದು ಕಾಣುವುದೇ ಇಲ್ಲ, ಯಾಕೆಂದರೆ ಅದರ ಮೇಲೆ ನಲವತ್ತು ಜನ ಐಸ್ ಕ್ರೀಮ್ ಹಿಡಿದು ಕೂತಿರುತ್ತಾರೆ.

ಅಮ್ಮನ ವಿಷಯ. ಬೀದಿ ಏರು, ನೆಲಕ್ಕೆ ಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ. ನಿಧಾನಕ್ಕೆ ಹತ್ತಬಹುದು. ಆದರೆ ತೊರ್ರೆ ಗ್ರೊಸ್ಸಾ ಗೋಪುರ ಮಾತ್ರ ಬೇಡ. 54 ಮೀಟರ್ ಎತ್ತರ, ಇನ್ನೂರಕ್ಕೂ ಹೆಚ್ಚು ಮೆಟ್ಟಿಲು, ಕೊನೆಯಲ್ಲಿ ಏಣಿಯಂಥ ಕಡಿದಾದ ಮೆಟ್ಟಿಲು. ನೀವಿಬ್ಬರು ಹತ್ತಿ ಬನ್ನಿ, ಅಷ್ಟರಲ್ಲಿ ಅವರು ಪಕ್ಕದ ದೊಡ್ಡ ಚರ್ಚಿನಲ್ಲಿ ಕೂತಿರಲಿ. ಅಲ್ಲಿ ಗೋಡೆ ತುಂಬ ಬೈಬಲ್ ಕಥೆಗಳ ಚಿತ್ರ. ಒಂದು ಮೂಲೆಯಲ್ಲಿ ಫೀನಾ ಎಂಬ ಹುಡುಗಿಯ ಗುಡಿ ಇದೆ. ಕಾಯಿಲೆ ಬಿದ್ದು ವರ್ಷಗಟ್ಟಲೆ ಮರದ ಹಲಗೆ ಮೇಲೇ ಮಲಗಿದ್ದವಳು, 1253ರಲ್ಲಿ ತೀರಿಕೊಂಡಾಗ ಹದಿನೈದು ವರ್ಷ. ಅವಳ ದೇಹ ಎತ್ತಿದಾಗ ಹಲಗೆ ಮೇಲೆ ಹೂ ಅರಳಿತ್ತು ಅಂತ ಊರಿನವರು ನಂಬುತ್ತಾರೆ. ಅವಳ ಅಂತ್ಯಕ್ರಿಯೆಯ ಚಿತ್ರವನ್ನು ಗಿರ್ಲಾಂದಾಯೊ ಎಂಬ ಕಲಾವಿದ ಬರೆದಿದ್ದಾನೆ, ಹಿನ್ನೆಲೆಯಲ್ಲಿ ನೋಡಿ, ಇದೇ ಊರಿನ ಗೋಪುರಗಳಿವೆ. ಭುಜ ಮುಚ್ಚುವ ಬಟ್ಟೆ ಇರಲಿ.

ಪ್ರಶ್ನೆ: ಅಷ್ಟು ಸಣ್ಣ ಊರಿಗೆ ಅಷ್ಟೊಂದು ಗೋಪುರ ಯಾಕೆ? ಯುದ್ಧಕ್ಕಾ? – ವಿದ್ಯಾರ್ಥಿನಿ, ತುಮಕೂರು

ಗೋಪುರ ಅಂದ ಕೂಡಲೇ ನಮಗೆ ದೇವಸ್ಥಾನ ನೆನಪಾಗುತ್ತದೆ, ಅಲ್ವಾ? ಇವು ಶ್ರೀಮಂತರು ತಮ್ಮ ಮನೆಗೆ ಅಂಟಿಸಿ ಕಟ್ಟಿಸಿಕೊಂಡವು. ಜಗಳವಾದರೆ ಒಳಗೆ ಸೇರಿಕೊಳ್ಳಬಹುದು, ಸರಕು ಇಡಬಹುದು, ನಿಜ. ಜಾಸ್ತಿ ಪಾಲು ಜಂಭ. ರೋಮ್‌ಗೆ ಹೋಗುವ ಯಾತ್ರಿಕರ ದಾರಿ ಈ ಊರಿನ ಮೂಲಕವೇ ಹಾದುಹೋಗುತ್ತಿತ್ತು, ಕೇಸರಿ ವ್ಯಾಪಾರದಲ್ಲಿ ಒಳ್ಳೆ ಕಾಸು ಇತ್ತು. ಅರ್ದಿಂಗೆಲ್ಲಿ ಮತ್ತು ಸಾಲ್ವುಚ್ಚಿ ಎಂಬ ಎರಡು ಮನೆತನಗಳಿಗೆ ಪರಸ್ಪರ ಆಗುತ್ತಿರಲಿಲ್ಲ, ಒಬ್ಬರು ಏರಿಸಿದರೆ ಇನ್ನೊಬ್ಬರೂ ಏರಿಸೋದು. ಊರಾಡಳಿತದ ಗೋಪುರಕ್ಕಿಂತ ಎತ್ತರ ಕಟ್ಟಬಾರದು ಅಂತ ಕೊನೆಗೆ ಕಾನೂನೇ ಮಾಡಬೇಕಾಯಿತು. ಒಟ್ಟು 72 ಇದ್ದವಂತೆ, ಈಗ ಉಳಿದಿರುವುದು 14.

ಅಷ್ಟಾದರೂ ಹೇಗೆ ಉಳಿದವು ಅನ್ನುವುದು ನನಗೆ ಇನ್ನೂ ಇಷ್ಟವಾದ ಪ್ರಶ್ನೆ. 1348ರಲ್ಲಿ ಪ್ಲೇಗ್ ಬಂದು ಊರನ್ನು ಬರಿದು ಮಾಡಿತು, 1353ರಲ್ಲಿ ಊರು ಫ್ಲಾರೆನ್ಸ್ ಕೈಗೆ ಹೋಯಿತು, ವ್ಯಾಪಾರ ಕೆಳಗಿನ ಕಣಿವೆ ದಾರಿಗೆ ಇಳಿಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟೋಣ ಅಂದರೆ ಯಾರ ಹತ್ತಿರವೂ ದುಡ್ಡಿಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೇ ನಿಂತಿತು. 1990ರಲ್ಲಿ ಯುನೆಸ್ಕೊದವರು ಬಂದು ಅದನ್ನೇ ವಿಶ್ವ ಪರಂಪರೆ ಅಂದರು.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳು ಏನು ತಿನ್ನೋದು? – ಗೃಹಿಣಿ, ಮೈಸೂರು

ಹೆದರಬೇಡಿ ಅಮ್ಮ, ಈ ಊರಿರುವ ಟಸ್ಕನಿ ಪ್ರಾಂತ್ಯದ ಬಡವರ ಊಟ ಹೆಚ್ಚಿನದೂ ಬ್ರೆಡ್ಡು, ಕಾಳು, ಸೊಪ್ಪು. ರಿಬೊಲ್ಲೀತಾ ಅಂತ ಒಂದಿದೆ, ಅಂದರೆ ಮತ್ತೆ ಕುದಿಸಿದ್ದು. ಕಪ್ಪು ಎಲೆಕೋಸಿನ ಸೊಪ್ಪು, ಬಿಳಿ ಬೀನ್ಸ್ ಕಾಳು, ತಂಗಳು ಬ್ರೆಡ್ಡು. ನಿನ್ನೆಯ ಹುಳಿ ಇವತ್ತು ಜಾಸ್ತಿ ರುಚಿ ಅಂತೀವಲ್ಲ, ಅದೇ ಲೆಕ್ಕ. ಪೀಚಿ ಅಂತ ದಪ್ಪ ಶಾವಿಗೆ ಇದೆ. ಕೋಡುಬಳೆಗೆ ಹಿಟ್ಟು ಹೊಸೆಯುವ ಹಾಗೆ ಮಣೆ ಮೇಲೆ ಅಂಗೈಯಲ್ಲಿ ಒಂದೊಂದೇ ಎಳೆ ಹೊಸೆಯುತ್ತಾರೆ, ಟೊಮೆಟೊ ಬೆಳ್ಳುಳ್ಳಿ ಸಾರಿನಲ್ಲಿ ಚೆನ್ನಾಗಿರುತ್ತದೆ. ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಮರೆತಿದ್ದಾರೆ ಅಂತ ಜಗಳ ಆಡಬೇಡಿ.

ಎಚ್ಚರ ಎಲ್ಲಿ ಅಂದರೆ, ‘ಸೆನ್ಸಾ ಕಾರ್ನೆ’, ಅಂದರೆ ಮಾಂಸ ಬೇಡ, ಅಂತ ಹೇಳಿದರೆ ಕೆಲವರು ಸಂತೋಷವಾಗಿ ಮೀನು ತಂದಿಡುತ್ತಾರೆ. ಮೀನೂ ಬೇಡ ಅಂತ ಬಿಡಿಸಿ ಹೇಳಿ. ಸಾರಿಗೆ ಮಾಂಸ ಬೇಯಿಸಿದ ನೀರು ಹಾಕಿದ್ದಾರಾ, ಪೀಚಿಗೆ ಮೊಟ್ಟೆ ಹಾಕಿದ್ದಾರಾ ಕೇಳಿ. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಕಟ್ಟುನಿಟ್ಟಿನವರಿಗೆ ಅದೂ ಆಗದು. ಇನ್ನು ಸಮಯ. ಮಧ್ಯಾಹ್ನ ಎರಡೂವರೆ ದಾಟಿದರೆ ಅಡುಗೆಮನೆ ಮುಚ್ಚಿತು ಅಂದುಕೊಳ್ಳಿ, ಮತ್ತೆ ಏಳೂವರೆಗೇ. ಚೀಲದಲ್ಲಿ ಚಟ್ನಿಪುಡಿ, ಅವಲಕ್ಕಿ ಇರಲಿ.

ಪ್ರಶ್ನೆ: ಸುತ್ತಲ ಹಳ್ಳಿಗಾಡು ನೋಡಲು ಕಾರು ಬಾಡಿಗೆಗೆ ತಗೊಳ್ಳಲಾ? – ಓದುಗರು, ಬೆಂಗಳೂರು

ವೊಲ್ತೆರ್ರಾ, ಮೊಂತೆರಿಜ್ಜೋನಿ ಎರಡನ್ನೂ ಒಂದೇ ದಿನ ನೋಡಬೇಕು ಅಂದರೆ ಕಾರೇ ಸರಿ. ಇಲ್ಲಿನ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು, ಗಾಡಿ ಬಲಕ್ಕೆ ಓಡಿಸಬೇಕು. ಹಳೆ ಊರುಗಳ ಬಾಗಿಲಲ್ಲಿ ‘ಜೆಡ್‌ಟಿಎಲ್’ ಎಂಬ ಬೋರ್ಡು ಕಂಡರೆ ಮಾತ್ರ ಒಳಗೆ ನುಗ್ಗಬೇಡಿ. ಹೊರಗಿನ ಗಾಡಿಗೆ ಪ್ರವೇಶವಿಲ್ಲ, ಕ್ಯಾಮೆರಾ ಇರುತ್ತದೆ. ನಾನು ಬೇರೊಂದು ಊರಲ್ಲಿ ಜಿಪಿಎಸ್ ಮಾತು ಕೇಳಿ ನುಗ್ಗಿದೆ, ಯಾರೂ ತಡೆಯಲಿಲ್ಲ. ವಾಪಸ್ ಬಂದು ಎಲ್ಲ ಮರೆತ ಮೇಲೆ ದಂಡದ ಕಾಗದ ಮನೆಗೇ ಬಂತು, ಅದಕ್ಕೂ ಮೊದಲು ಬಾಡಿಗೆಯವರು ನನ್ನ ವಿಳಾಸ ಕೊಟ್ಟಿದ್ದಕ್ಕೇ ಬೇರೆ ಚಾರ್ಜು ಹಾಕಿಕೊಂಡಿದ್ದರು! ಸಾನ್ ಜಿಮಿನ್ಯಾನೊದಲ್ಲಿ ಗೋಡೆಯ ಹೊರಗೆ ಪಾರ್ಕಿಂಗ್ ಇದೆ, ಅಲ್ಲಿ ಬಿಡಿ.

ಕಾರಿಲ್ಲದೆಯೂ ಆಗುತ್ತದೆ. ಫ್ಲಾರೆನ್ಸ್‌ನಿಂದ ಪೊಜ್ಜಿಬೊನ್ಸಿವರೆಗೆ ರೈಲು, ಅಲ್ಲಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ಊರು. ಭಾನುವಾರ ಬಸ್ಸು ಕಮ್ಮಿ. ಆಮೇಲೆ ನಡೆಯಿರಿ. ಗಂಬಾಸ್ಸಿ ತೆರ್ಮೆಯಿಂದ ಇಲ್ಲಿಗೆ ಬರುವ ಹಳೆ ಯಾತ್ರಿಕರ ದಾರಿ ಸುಮಾರು 13 ಕಿಲೋಮೀಟರ್. ಬಿಳಿ ಜಲ್ಲಿಯ ರಸ್ತೆ, ಅತ್ತಿತ್ತ ಆಲಿವ್ ಮರ, ವೆರ್ನಾಚ್ಚಾ ದ್ರಾಕ್ಷಿಯ ಸಾಲು, ಒಂದು ತಿರುವಿನಲ್ಲಿ ದೂರದ ಗುಡ್ಡದ ಮೇಲೆ ಗೋಪುರಗಳೆಲ್ಲ ಬೆರಳು ನಿಲ್ಲಿಸಿದ ಹಾಗೆ ಒಟ್ಟಿಗೆ ಕಾಣುತ್ತವೆ. ಮಳೆಯ ಮರುದಿನ ಹೋದರೆ ಜೇಡಿ ಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಎರಡೆರಡು ಕೆಜಿ ಆಗುತ್ತದೆ. ಆಗಸ್ಟಿನಲ್ಲಂತೂ ಬೇಡ, ಬಿಸಿಲು ಸುಡುತ್ತದೆ.

ಪ್ರಶ್ನೆ: ಅಲ್ಲಿಂದ ಏನು ತರಬಹುದು? – ಓದುಗರು, ಶಿವಮೊಗ್ಗ

ಕೇಸರಿ. ಪುಡಿ ಬೇಡ, ಎಳೆಯೇ ಇರುವುದನ್ನು ತನ್ನಿ. ಅಕ್ಟೋಬರ್ ಬೆಳಗ್ಗೆ ಹೂ ಅರಳುವ ಮೊದಲೇ ಕಿತ್ತು, ಒಂದೊಂದರಿಂದ ಮೂರೇ ಕೆಂಪು ಎಳೆ ಬಿಡಿಸಿ ಒಣಗಿಸುತ್ತಾರೆ, ಅದಕ್ಕೇ ಆ ಬೆಲೆ. ನಾನು ತಂದದ್ದು ಅರ್ಧ ಗ್ರಾಂ. ಎರಡು ಸಲ ಶಾವಿಗೆ ಪಾಯಸಕ್ಕೆ ಆಯಿತು, ಖಾಲಿ.