ಓಡಿ ಹಿಡಿದ ನೆಲ ಯಾರದಾಗಿತ್ತು?

ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಅಮೆರಿಕದ ಟಲ್ಸಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿಯವರೊಬ್ಬರು ಓಕ್ಲಹೋಮ ರಾಜ್ಯ ಹುಟ್ಟಿದ ಕಥೆ ಹೇಳಿದರು, ಕೇಳಿ ರೋಮಾಂಚನವಾಯಿತು ಅಂತ ಬರೆದಿದ್ದೀರಿ. ಬಡವ ಬಲ್ಲಿದ ಅಂತ ನೋಡದೆ, ಓಡಿ ಹೋಗಿ ಮೊದಲು ಮುಟ್ಟಿದವನಿಗೆ 160 ಎಕರೆ ಕೊಟ್ಟ ಸರ್ಕಾರ ಬೇರೆಲ್ಲಿದೆ, ಯಾರೂ ಇಲ್ಲದ ಬಯಲಿನಲ್ಲಿ ರಾಜ್ಯ ಕಟ್ಟಿದ ಆ ಸಾಹಸಿಗಳ ಬಗ್ಗೆ ಒಂದು ಲೇಖನ ಹಾಕಬಾರದೇ ಎಂದೂ ಕೇಳಿದ್ದೀರಿ. ಎರಡು ಸಾಲಿನಲ್ಲಿ ಉತ್ತರ ಕೊಟ್ಟರೆ ವಿಷಯಕ್ಕೆ ಅನ್ಯಾಯವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಓಟ ನಡೆದದ್ದು ನಿಜ. 1889ರ ಏಪ್ರಿಲ್ 22, ಮಧ್ಯಾಹ್ನ 12 ಗಂಟೆ. ಹಂಚಲಿದ್ದ ನೆಲದ ಗಡಿಯ ಸುತ್ತ ಸುಮಾರು 50,000 ಜನ ಕಾದು ನಿಂತಿದ್ದರು. ಕುದುರೆ, ಗಾಡಿ, ರೈಲು, ಏನೂ ಇಲ್ಲದವರು ಕಾಲ್ನಡಿಗೆ. ಸೂಚನೆ ಸಿಕ್ಕ ಕೂಡಲೇ ನುಗ್ಗಿದರು, ಸಿಕ್ಕ ಜಾಗದಲ್ಲಿ ಗೂಟ ನೆಟ್ಟರು. ಬೆಳಗ್ಗೆ ಬಯಲಾಗಿದ್ದ ಗಥ್ರಿ ಮತ್ತು ಓಕ್ಲಹೋಮ ಸಿಟಿಯಲ್ಲಿ ಸಂಜೆಯ ಹೊತ್ತಿಗೆ ತಲಾ 10,000ದಷ್ಟು ಜನ ಡೇರೆ ಹಾಕಿಕೊಂಡಿದ್ದರು. ಅವರಲ್ಲಿ ತುಂಬಾ ಜನ ನಿಜವಾಗಿಯೂ ಬಡವರು, ಆಮೇಲೆ ಮಣ್ಣಿನ ಗುಡಿಸಲಲ್ಲಿ ಬದುಕಿ, ಬರ ಕಂಡು, ಐದು ವರ್ಷ ಉಳುಮೆ ಮಾಡಿ ಹಕ್ಕುಪತ್ರ ಪಡೆದರು. ಅವರ ದುಡಿಮೆಯನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಓಟ ನೀವಂದುಕೊಂಡಷ್ಟು ನ್ಯಾಯವಾಗಿ ನಡೆಯಲಿಲ್ಲ. ಕೆಲವರು ಮೊದಲೇ ಕದ್ದು ನುಸುಳಿ ಪೊದೆಗಳಲ್ಲಿ ಅಡಗಿದ್ದು, ಹನ್ನೆರಡು ಹೊಡೆದ ಮೇಲೆ ಎದ್ದು ಬಂದು ಒಳ್ಳೆಯ ಜಾಗ ಹಿಡಿದರು. ಅಂಥವರನ್ನು ಸೂನರ್ ಅಂತ ಕರೆದರು, ಅವರ ಮೇಲಿನ ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. ಇವತ್ತು ಅದೇ ಆ ರಾಜ್ಯ ಹೆಮ್ಮೆಯಿಂದ ಇಟ್ಟುಕೊಂಡಿರುವ ಅಡ್ಡಹೆಸರು.

ಅದಿರಲಿ. ನನಗೆ ಒಪ್ಪಲಾಗದ್ದು 'ಯಾರೂ ಇಲ್ಲದ ಬಯಲು' ಅನ್ನುವ ಮಾತು.

1830ರಲ್ಲಿ, ಆಂಡ್ರೂ ಜಾಕ್ಸನ್ ಅಧ್ಯಕ್ಷನಾಗಿದ್ದಾಗ, ಮಿಸಿಸಿಪ್ಪಿ ನದಿಯ ಪೂರ್ವಕ್ಕಿದ್ದ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾಯಿದೆ ಬಂತು. ಚೆರೊಕಿ, ಚಾಕ್ಟಾ, ಕ್ರೀಕ್, ಚಿಕಸಾ, ಸೆಮಿನೋಲ್ ಎಂಬ ಐದು ಜನಾಂಗಗಳಿಗೆ ದೊಡ್ಡ ಪೆಟ್ಟು ಬಿತ್ತು. ಜಾರ್ಜಿಯಾ, ಅಲಬಾಮಾ ಕಡೆ ಹೊಲ ಮನೆ ಮಾಡಿಕೊಂಡು ಬಾಳುತ್ತಿದ್ದವರು ಅವರು. ಚೆರೊಕಿಗಳ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಅಂತ 1832ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆದರೂ 1838ರಲ್ಲಿ ಸೈನ್ಯ ಬಂದು ಅವರನ್ನು ಒಕ್ಕಲೆಬ್ಬಿಸಿತು. ಸುಮಾರು 16,000 ಜನರಲ್ಲಿ ಶಿಬಿರಗಳಲ್ಲೂ ದಾರಿಯಲ್ಲೂ ಸತ್ತವರು ಸುಮಾರು 4,000. ಆ ಹಾದಿಗೆ ಕಣ್ಣೀರ ಹಾದಿ ಅಂತಲೇ ಹೆಸರು. ಅದು ಮುಗಿದದ್ದು ಇವತ್ತಿನ ಓಕ್ಲಹೋಮದಲ್ಲಿ. ಅಲ್ಲಿ ಆಗಲೇ ಓಸೇಜ್, ವಿಚಿಟಾ ಮುಂತಾದ ಜನ ಇದ್ದರು ಅನ್ನುವುದೂ ನೆನಪಿರಲಿ. ಈ ನೆಲ ಇನ್ನು ನಿಮ್ಮದು, ಯಾವ ರಾಜ್ಯದ ಕಾನೂನೂ ನಿಮ್ಮ ಮೇಲೆ ನಡೆಯುವುದಿಲ್ಲ ಅಂತ ಸರ್ಕಾರ ಒಪ್ಪಂದಗಳಲ್ಲಿ ಬರೆದುಕೊಟ್ಟಿತು.

ಅವರು ನಂಬಿದರು, ಮತ್ತೆ ಕಟ್ಟಿದರು. ಟಾಲಕ್ವಾ ಚೆರೊಕಿಗಳ ರಾಜಧಾನಿಯಾಯಿತು. ಸಿಕ್ವೋಯಾ ಎಂಬ ಚೆರೊಕಿ ತನ್ನ ಭಾಷೆಗೆ ತಾನೇ ಲಿಪಿ ರೂಪಿಸಿದ್ದ, ಆ ಲಿಪಿಯಲ್ಲೂ ಇಂಗ್ಲಿಷಿನಲ್ಲೂ 1844ರಿಂದ ಅಲ್ಲಿ ಪತ್ರಿಕೆ ನಡೆಯಿತು. 1851ರಲ್ಲಿ ಹೆಣ್ಣುಮಕ್ಕಳ ಪ್ರೌಢ ವಿದ್ಯಾಶಾಲೆ ತೆರೆದರು. ಅವರಲ್ಲೂ ಅನುಕೂಲಸ್ಥರು ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು, ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದಲ್ಲಿ ಈ ಜನಾಂಗಗಳು ಕೊನೆಗೆ ಸೋತ ದಕ್ಷಿಣದವರ ಜೊತೆ ಒಪ್ಪಂದ ಮಾಡಿಕೊಂಡಿದ್ದವು. ಅದನ್ನೇ ನೆಪ ಮಾಡಿ 1866ರಲ್ಲಿ ಸರ್ಕಾರ ಅವರಿಂದ ಪಶ್ಚಿಮದ ದೊಡ್ಡ ಭಾಗ ಬರೆಸಿಕೊಂಡಿತು. ಬೇರೆ ಬುಡಕಟ್ಟುಗಳನ್ನು ಅಲ್ಲಿ ನೆಲೆಗೊಳಿಸುತ್ತೇವೆ ಅಂದರು. ಹಂಚದೆ ಉಳಿದ ಸುಮಾರು 20 ಲಕ್ಷ ಎಕರೆ ಇತ್ತಲ್ಲ, ನಿಮ್ಮ ಕಥೆಯ ಓಟ ನಡೆದದ್ದು ಅದರ ಮೇಲೆ.

ಇದು ಬರೀ ಶುರು. ಐದು ಜನಾಂಗಗಳಲ್ಲಿ ನೆಲ ಇಡೀ ಜನಾಂಗದ ಸ್ವತ್ತು. ಯಾರು ಎಷ್ಟು ಉತ್ತರೂ ಮಾರುವ ಹಾಗಿರಲಿಲ್ಲ. ಮಾರದ ನೆಲ ಕೈಗೆ ಸಿಗುವುದು ಹೇಗೆ? ಪಾಲು ಮಾಡಿಸಿದರೆ ಸಿಗುತ್ತದೆ, ಅಲ್ವಾ? 1893ರಲ್ಲಿ ಅದಕ್ಕಾಗಿ ಡಾವ್ಸ್ ಆಯೋಗ ಬಂತು. 1898ರ ಕರ್ಟಿಸ್ ಕಾಯಿದೆ ಅವರ ನ್ಯಾಯಾಲಯಗಳನ್ನು ಮುಚ್ಚಿಸಿ, ಒಪ್ಪಲಿ ಬಿಡಲಿ ನೆಲವನ್ನು ತಲೆಗಿಷ್ಟು ಅಂತ ಹಂಚಿತು. ಚಿಟ್ಟೊ ಹಾರ್ಜೊ ಎಂಬ ಕ್ರೀಕ್ ಮುಖಂಡ, ಹಳೆಯ ಒಪ್ಪಂದವೇ ನಡೆಯಬೇಕು, ನನಗೆ ಪಾಲು ಬೇಡ ಅಂತ ಹಟ ಹಿಡಿದ. ಬಂಧನಕ್ಕೊಳಗಾದ.

ಈಗ ಆ ಜನಾಂಗಗಳ ಮುಖಂಡರು ಮಾಡಿದ ಒಂದು ಕೆಲಸ ಕೇಳಿ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಹೇಗೂ ರಾಜ್ಯ ಆಗುವುದು ತಪ್ಪದು, ಹಾಗಾದರೆ ನಮ್ಮದೇ ಬೇರೆ ರಾಜ್ಯ ಆಗಲಿ ಅಂತ 1905ರ ಆಗಸ್ಟಿನಲ್ಲಿ ಮಸ್ಕೋಗಿ ಊರಿನಲ್ಲಿ ಸಭೆ ಸೇರಿದರು. ಕ್ರೀಕ್ ಮುಖ್ಯಸ್ಥ ಪ್ಲೆಸೆಂಟ್ ಪೋರ್ಟರ್ ಅಧ್ಯಕ್ಷ, ಅಲೆಕ್ಸಾಂಡರ್ ಪೋಸಿ ಎಂಬ ಕ್ರೀಕ್ ಕವಿ ಕಾರ್ಯದರ್ಶಿ. ಪೂರ್ತಿ ಸಂವಿಧಾನ ಬರೆದರು. ಲಿಪಿ ಕೊಟ್ಟ ಸಿಕ್ವೋಯಾನ ಹೆಸರನ್ನೇ ರಾಜ್ಯಕ್ಕೆ ಇಟ್ಟರು. ನವೆಂಬರಿನಲ್ಲಿ ಜನಮತ ಕೇಳಿದಾಗ 56,279 ಮತ ಪರ, 9,073 ವಿರೋಧ. ಇಷ್ಟೆಲ್ಲ ಕಾನೂನಿನ ದಾರಿಯಲ್ಲೇ ಮಾಡಿ, ಕಾಗದ ಹಿಡಿದು ವಾಷಿಂಗ್ಟನ್‌ಗೆ ಹೋದರೆ, ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅದನ್ನು ಚರ್ಚೆಗೂ ಎತ್ತಿಕೊಳ್ಳಲಿಲ್ಲ. ಆಗ ಅಧಿಕಾರದಲ್ಲಿದ್ದವರು ರಿಪಬ್ಲಿಕನ್ನರು. ಡೆಮಾಕ್ರಟರಿಗೆ ಮತ ಹಾಕುವ ಎರಡು ಹೊಸ ರಾಜ್ಯ, ಅಂದರೆ ನಾಲ್ಕು ಸೆನೆಟರ್‌ಗಳು, ಅವರಿಗೆ ಬೇಕಿರಲಿಲ್ಲ. ಓಟದವರು ನೆಲೆಸಿದ್ದ ಪಶ್ಚಿಮದ ಓಕ್ಲಹೋಮ ಪ್ರಾಂತ್ಯ, ಐದು ಜನಾಂಗಗಳಿದ್ದ ಪೂರ್ವದ ಇಂಡಿಯನ್ ಪ್ರಾಂತ್ಯ, ಎರಡನ್ನೂ ಕೂಡಿಸಿ ಒಂದೇ ರಾಜ್ಯ ಅಂತ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅಂದರು.

ಹಾಗೆ 1907ರ ನವೆಂಬರ್ 16ರಂದು ಓಕ್ಲಹೋಮ 46ನೇ ರಾಜ್ಯವಾಯಿತು. ಆ ದಿನ ಗಥ್ರಿಯಲ್ಲಿ ಮದುವೆಯ ಆಟ ಆಡಿದರು. ವರ ಓಕ್ಲಹೋಮ ಪ್ರಾಂತ್ಯ, ವಧು ಇಂಡಿಯನ್ ಪ್ರಾಂತ್ಯ. ವಧುವಿಗೆ ಬೇರೆ ಸಂಬಂಧ ಬೇಕಿತ್ತು ಅನ್ನುವುದನ್ನು ಆ ಮಂಟಪದಲ್ಲಿ ಯಾರೂ ಎತ್ತಲಿಲ್ಲ.

ಹೊಸ ರಾಜ್ಯದ ಸಂವಿಧಾನದಲ್ಲಿ ಒಳ್ಳೆಯದೂ ಇತ್ತು. ಕಾನೂನು ತರಲು ಜನರೇ ಸಹಿ ಹಾಕಿ ಅರ್ಜಿ ಕೊಡಬಹುದಿತ್ತು, ಬಾಲ ಕಾರ್ಮಿಕರಿಗೆ ರಕ್ಷಣೆ ಇತ್ತು. ಇದರಲ್ಲಿ ಎಷ್ಟೋ ವಿಚಾರ ಬಂದದ್ದು ಮೂಲೆಗೆ ಬಿದ್ದ ಆ ಸಿಕ್ವೋಯಾ ಸಂವಿಧಾನದಿಂದಲೇ. ಆದರೆ ಶಾಸನಸಭೆ ಮಾಡಿದ ಮೊಟ್ಟಮೊದಲ ಕಾನೂನು, ರೈಲಿನಲ್ಲಿ ಕರಿಯರಿಗೆ ಬೇರೆ ಬೋಗಿ ಇರಬೇಕು ಅನ್ನುವುದು. ಲ್ಯಾಂಗ್‌ಸ್ಟನ್, ಬೋಲಿಯಂಥ ತಮ್ಮದೇ ಊರು ಕಟ್ಟಿಕೊಂಡು ಸ್ವಾತಂತ್ರ್ಯದ ಆಸೆಯಿಂದ ಬಂದಿದ್ದ ಕಪ್ಪು ಜನರಿಗೆ ಸಿಕ್ಕ ಸ್ವಾಗತ ಅದು.

ಪಾಲು ಬಂದ ಮೂಲನಿವಾಸಿ ಮಕ್ಕಳ ನೆಲದಲ್ಲಿ ಎಣ್ಣೆ ಸಿಕ್ಕಿತು. ಕೋರ್ಟುಗಳು ಅವರಿಗೆ ಗಾರ್ಡಿಯನ್‌ಗಳನ್ನು ನೇಮಿಸಿದವು, ಎಷ್ಟೋ ಗಾರ್ಡಿಯನ್‌ಗಳು ಮಕ್ಕಳ ಆಸ್ತಿಯನ್ನೇ ನುಂಗಿದರು. ಅದನ್ನು ಎದುರಿಸಿ ನಿಂತವಳು ಕೇಟ್ ಬರ್ನಾರ್ಡ್. ಹೆಂಗಸರಿಗೆ ಮತದ ಹಕ್ಕೇ ಇಲ್ಲದ 1907ರಲ್ಲಿ, ಗಂಡಸರ ಮತದಿಂದ ಗೆದ್ದು ಅನಾಥರ, ಕೈದಿಗಳ ಮೇಲ್ವಿಚಾರಣೆಯ ಹುದ್ದೆಗೆ ಬಂದಿದ್ದಳು. ಆ ಅನಾಥರ ಪರ ಕೇಸು ನಡೆಸಲು ಹೊರಟಾಗ ಶಾಸನಸಭೆ ಅವಳ ಕಚೇರಿಗೆ ಹಣ ಕೊಡುವುದನ್ನೇ ನಿಲ್ಲಿಸಿತು. ಸಾಹಸಿಗಳ ಬಗ್ಗೆ ಲೇಖನ ಕೇಳಿದ್ದೀರಲ್ಲ, ನಾನು ಬರೆಸುವುದಾದರೆ ಮೊದಲು ಅವಳ ಬಗ್ಗೆ ಬರೆಸುತ್ತೇನೆ.

ಇದೆಲ್ಲ ಹಳೆಯ ಕಥೆ ಅಂದುಕೊಳ್ಳಬೇಡಿ. 2020ರ ಜುಲೈಯಲ್ಲಿ ಮೆಕ್‌ಗರ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರಲ್ಲಿ ತೀರ್ಪು ಕೊಟ್ಟಿತು. ಕ್ರೀಕರ ಮೀಸಲು ಪ್ರದೇಶವನ್ನು ಕಾಂಗ್ರೆಸ್ ಯಾವತ್ತೂ ರದ್ದು ಮಾಡಿಲ್ಲ, ಮೂಲನಿವಾಸಿಗಳ ದೊಡ್ಡ ಅಪರಾಧಗಳನ್ನು ಯಾರು ವಿಚಾರಿಸಬೇಕು ಅನ್ನುವ ಕಾನೂನಿನ ಮಟ್ಟಿಗೆ ಅದು ಇವತ್ತಿಗೂ ಇದೆ ಅಂತ. ಟಲ್ಸಾದ ಬಹುಪಾಲು ಅದರೊಳಗೇ ಬರುತ್ತದೆ. ರಾಜ್ಯ ಸರ್ಕಾರಕ್ಕೂ ಬುಡಕಟ್ಟು ಸರ್ಕಾರಗಳಿಗೂ ಅದರ ಮೇಲಿನ ಜಗಳ ಇನ್ನೂ ಮುಗಿದಿಲ್ಲ.

ಮುಂದಿನ ಸಲ ಮಗಳ ಮನೆಗೆ ಹೋದಾಗ ಒಂದು ದಿನ ಬಿಡುವು ಮಾಡಿಕೊಂಡು ಟಾಲಕ್ವಾಕ್ಕೆ ಹೋಗಿ ಬನ್ನಿ, ಟಲ್ಸಾದಿಂದ ಕಾರಿನಲ್ಲಿ ದೂರವೇನಿಲ್ಲ. ಚೆರೊಕಿಗಳ ಹಳೆಯ ರಾಜಧಾನಿ ಕಟ್ಟಡ ಈಗ ಮ್ಯೂಸಿಯಂ ಆಗಿದೆ. ಊರಿನ ಬೀದಿಗಳ ಫಲಕಗಳಲ್ಲಿ ಸಿಕ್ವೋಯಾನ ಲಿಪಿಯೂ ಇದೆ. ಅಲ್ಲಿಯವರನ್ನು ಮಾತಾಡಿಸಿ, ಕೇಳಿದ್ದನ್ನು ನಮಗೆ ಬರೆದು ಕಳಿಸಿ. ಖಂಡಿತ ಪ್ರಕಟಿಸುತ್ತೇವೆ.

– ಸಂ.